ಒಂದೇ ಜೋಕು, ಹೆಸರು ಬೇರೆ

ಬಲ್ಬ್ ಬದಲಿಸಲು ಐದು ಜನ ಬೇಕಾಗುವ ಜೋಕನ್ನು ನಾನು ಮೈಸೂರಿನಲ್ಲಿ ಕೇಳಿದಾಗ ಆ ಐವರೂ ಸರ್ದಾರ್ಜಿಗಳಾಗಿದ್ದರು. ಕೆನಡಾಕ್ಕೆ ಬಂದ ಮೇಲೆ ಆಫೀಸಿನಲ್ಲಿ ಅದೇ ಜೋಕು ಸಿಕ್ಕಿತು. ಇಲ್ಲಿ ಅವರು ನ್ಯೂಫೌಂಡ್‌ಲ್ಯಾಂಡಿನವರು. ಇಂಗ್ಲೆಂಡಿನಲ್ಲಿ ಪೆದ್ದನೆಂದರೆ ಐರಿಶ್, ಫ್ರಾನ್ಸಿನಲ್ಲಿ ಬೆಲ್ಜಿಯಂನವನು, ಅಮೆರಿಕದಲ್ಲಿ ಪೋಲಿಷ್. ಐರ್ಲೆಂಡಿನವರೇನು ಕಡಿಮೆಯೇ? ತಮ್ಮ ಪಾಲಿಗೆ ಬಂದದ್ದನ್ನು ತಮ್ಮದೇ ಕೆರಿ ಕೌಂಟಿಯವರ ತಲೆಗೆ ಕಟ್ಟುತ್ತಾರೆ. ಜೋಕಿಗೆ ವೀಸಾ ರಗಳೆ ಇಲ್ಲ ನೋಡಿ.

ಕ್ರಿಸ್ಟಿ ಡೇವಿಸ್ ಎಂಬ ಸಮಾಜಶಾಸ್ತ್ರಜ್ಞರು 1990ರಲ್ಲಿ ಇದರ ಮೇಲೆ ಪುಸ್ತಕವನ್ನೇ ಬರೆದರು. ಪೆದ್ದ ಎಲ್ಲಿಂದಲೋ ಬಂದವನಲ್ಲ, ನಮ್ಮ ಹಾಗೇ ಇದ್ದು ಸ್ವಲ್ಪ ಅಂಚಿನಲ್ಲಿ ವಾಸಿಸುವವನು ಎನ್ನುವುದು ಅವರು ಕಂಡುಕೊಂಡದ್ದು. ಜೋಕು ಬರೀ ಥರ್ಮಾಮೀಟರ್, ಜ್ವರ ಅದರಿಂದ ಬರುವುದಿಲ್ಲ ಎಂದೂ ಅವರ ವಾದ. ಒಪ್ಪೋಣ. ಆದರೆ ಆ ಥರ್ಮಾಮೀಟರನ್ನು ಯಾವಾಗಲೂ ಇನ್ನೊಬ್ಬರ ಬಾಯಿಗೇ ತುರುಕುತ್ತೇವಲ್ಲ!

ನಮ್ಮ ಮನೆಯಲ್ಲಿ ಬಾಯಿ ತೆರೆಯುವ ಸರದಿ ನನ್ನದು. ನನ್ನವಳು ಧಾರವಾಡದವಳು. ನೆಂಟರು ಬಂದರೆ ಸಾಕು, "ಇವರ ಮೈಸೂರಾಗ ಮನಿಗೆ ಬಂದವ್ರನ್ನ ಏನ್ ಕೇಳ್ತಾರ ಗೊತ್ತೇನ್ರಿ? ಊಟ ಮಾಡ್ಕೊಂಡು ಬಂದ್ರಾ, ಇಲ್ಲಾ ಹೋಗಿ ಮಾಡ್ತೀರಾ?" ಎಂದು ಶುರು. ನಾನು ಬಿಡುತ್ತೇನೆಯೇ? "ಅವರ ಕಡೆ ಇಬ್ಬರು ಮಾತಾಡ್ತಿದ್ರೆ ಜಗಳವೋ ಕುಶಲೋಪರಿಯೋ ಗೊತ್ತಾಗಲ್ಲ" ಅನ್ನುತ್ತೇನೆ. ಇದರಿಂದ ಯಾರ ಕೆಲಸವೂ ಹೋಗುವುದಿಲ್ಲ, ಯಾರಿಗೂ ಬಾಡಿಗೆ ಮನೆ ತಪ್ಪುವುದಿಲ್ಲ. ಹೆಚ್ಚೆಂದರೆ ನನ್ನ ಸಾರಿಗೆ ಖಾರ ಜಾಸ್ತಿ ಬೀಳುತ್ತದೆ.

ನಮ್ಮ ಗೆಳೆಯರೊಬ್ಬರಿದ್ದಾರೆ. 'ದಿ ಸಿಂಪ್ಸನ್ಸ್' ಕಾರ್ಟೂನಿನ ಅಂಗಡಿಯ ಅಪು ಅಂದರೆ ಅವರಿಗೆ ಇವತ್ತಿಗೂ ಮೈ ಉರಿ. ಉರಿಗೆ ಕಾರಣವೂ ಇದೆ. ನಮ್ಮ ಉಚ್ಚಾರವನ್ನು ಅಣಕಿಸುವ ಆ ದನಿ ಹ್ಯಾಂಕ್ ಅಜಾರಿಯಾ ಎಂಬ ಬಿಳಿಯ ನಟರದು. ಶಾಲೆಯಲ್ಲಿ ಅದೇ ದನಿಯಲ್ಲಿ ಛೇಡಿಸಿಕೊಂಡ ಮಕ್ಕಳೆಷ್ಟೋ. 2017ರಲ್ಲಿ ಹರಿ ಕೊಂಡಬೋಲು ಇದರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು. 2020ರಲ್ಲಿ ಅಜಾರಿಯಾ ಆ ಪಾತ್ರ ಬಿಟ್ಟರು. ಅಂದು ನಮ್ಮ ಗೆಳೆಯರು ಸಿಹಿ ಹಂಚಿದರು.

ಅದೇ ಗೆಳೆಯರು ಈ ಯುಗಾದಿಗೆ ನಮ್ಮಲ್ಲಿ ಊಟಕ್ಕೆ ಬಂದಿದ್ದರು. ನಾವಿರುವುದು ಬ್ರಾಂಪ್ಟನ್ನಿನಲ್ಲಿ: ಎಡಗಡೆ ಸಿಂಗ್, ಬಲಗಡೆ ಸಿಂಗ್, ಎದುರುಗಡೆ ಧಿಲ್ಲೋನ್. ಮೂರನೇ ಒಬ್ಬಟ್ಟಿಗೆ ಅವರಿಗೆ ಹುರುಪು ಬಂತು. ಎದ್ದು ಕಿಟಕಿ ಮುಚ್ಚಿ, ದನಿ ತಗ್ಗಿಸಿ, "ಒಬ್ಬ ಸರ್ದಾರ್ಜಿ..." ಎಂದರು.

ನನ್ನವಳು ತುಪ್ಪ ಬಡಿಸುತ್ತಾ, "ತಡೀರಿ, ಬಾಜೂಮನಿ ಸಿಂಗ್ ಅವರನ್ನೂ ಕರೀತೀನಿ. ಅವರ ಹತ್ರ ಮದ್ರಾಸಿ ಜೋಕು ಭಾಳ ಅದಾವ" ಅಂದಳು.

ಗೆಳೆಯರ ಮುಖ ಕೆಂಪಾಯಿತು. "ಏನಮ್ಮಾ, ನಾವು ಮದ್ರಾಸಿಗಳಾ? ಅವರಿಗೆ ಮೊದಲು ಸರಿಯಾಗಿ ಹೇಳಿ, ನಾವು ಕನ್ನಡದವರು ಅಂತ!"

"ಹೇಳೀನ್ರಿ. ಹೆಸರು ಬದಲಿಸಿ ಹೇಳ್ತಾರಂತ."