ಕೆರೆ, ದಡ, ಗೋಡೆ

ನಮ್ಮ ಮೊಮ್ಮಗನಿಗೆ ವಾರ್ಮ್ ಅಪ್ ಬೇಕಂತೆ ಎಂದರೆ ಬೀದಿಯವರೆಲ್ಲ ನಗುತ್ತಾರೆ. ಅವನು ನಿದ್ದೆಯಿಂದ ಏಳುವುದೇ ಓಡುತ್ತಾ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹಿಂದಿನ ಸೀಟಿನಲ್ಲಿ ಕುದ್ದು ಕುದ್ದು, ಕ್ಲೈಂಬಿಂಗ್ ಜಿಮ್ಮಿನ ಬಾಗಿಲು ಕಂಡದ್ದೇ ತಡ, ಚಪ್ಪಲಿ ಒಂದು ಕಡೆ, ನೀರಿನ ಬಾಟಲಿ ಒಂದು ಕಡೆ, ತಾತ ಒಂದು ಕಡೆ. ಅವನು ನೇರ ಗೋಡೆಗೆ.

ಕೋಚ್ ಹುಡುಗಿ ತೋಳು ಅಡ್ಡ ಚಾಚಿ ನಿಲ್ಲುತ್ತಾಳೆ.

“ಬಿಸಿಯಾಗೇ ಇದೀನಿ ಅಕ್ಕಾ, ಹಣೆ ಮುಟ್ಟಿ ನೋಡಿ!”

“ಹಣೆಯಲ್ಲಿ ಹತ್ತೀಯೇನೋ? ಬೆರಳು ತೋರಿಸು.”

ನ್ಯಾಯವಾದ ಮಾತು. ಈ ಮಕ್ಕಳ ಕಾಲು, ಬಾಯಿ ಎರಡೂ ಸದಾ ಬಿಸಿ. ಬೆರಳು, ಮಣಿಕಟ್ಟು, ಭುಜಗಳು ಮಾತ್ರ ಇಡೀ ದಿನ ಪೆನ್ಸಿಲ್ಲಿಗಿಂತ ಭಾರವಾದದ್ದನ್ನು ಎತ್ತಿರುವುದಿಲ್ಲ. ಉಂಡ ತಟ್ಟೆ ಸಿಂಕಿಗೆ ಹಾಕು ಎಂದರೂ ಎತ್ತುವುದಿಲ್ಲ. ಗೋಡೆಯ ಮೇಲೆ ಮೈಭಾರ ಜೋತುಬೀಳುವುದು ಅವುಗಳ ಮೇಲೇ. ಅದರಲ್ಲೂ ಬೆಳೆಯುವ ಬೆರಳುಗಳ ಗಿಣ್ಣಿನ ಹತ್ತಿರ ಇನ್ನೂ ಮೂಳೆಯಾಗದ ಮೃದ್ವಸ್ಥಿ ಇರುತ್ತದೆ. ಹದಿಹರೆಯದಲ್ಲಿ ಸರಸರನೆ ಎತ್ತರವಾಗುವ ಹೊತ್ತಿಗೆ ಸಣ್ಣ ಅಂಚುಗಳಿಗೆ ಬೆರಳು ಮಡಚಿ ಮತ್ತೆ ಮತ್ತೆ ನೇತಾಡಿದರೆ ಅಲ್ಲಿ ಬಿರುಕು ಬಿಡಬಹುದು. ಬೆರಳು ನೋವು ಎಂದ ಮಗುವಿಗೆ ಅವತ್ತು ಗೋಡೆ ಬಂದ್.

ನಮ್ಮ ಕಾಲದ ಪಿ.ಟಿ. ಮೇಷ್ಟ್ರು ನಮ್ಮನ್ನು ಸಾಲಾಗಿ ಬಗ್ಗಿಸಿ, ಕಾಲ್ಬೆರಳು ಮುಟ್ಟಿಸಿ, ಹಾಗೇ ಬಿಟ್ಟು ಕಾಫಿಗೆ ಹೋಗಿಬರುತ್ತಿದ್ದರು. ಅಲ್ಲಾಡದೆ ಹಿಡಿದುನಿಲ್ಲುವ ಆ ಎಳೆತ ಈಗ ಹತ್ತಿ ಮುಗಿದ ಮೇಲೆ. ಮೊದಲಿಗೆ ಬೇಕಾದ್ದು ಕುಣಿತ, ಉಸಿರು ಏರುವಷ್ಟು. ಆದರೆ ಜೂಟಾಟ ಆಡಿಸಿದರೆ ಎರಡು ತಲೆ ಢೀ ಕೊಡುತ್ತವೆ, ಮ್ಯಾಟುಗಳ ಸಂದಿಯಲ್ಲಿ ಪಾದ ಹೊರಳುತ್ತದೆ, ಯಾರೋ ಮೇಲಿನಿಂದ ಧುಮುಕುವ ಜಾಗಕ್ಕೇ ಇನ್ಯಾರೋ ನುಗ್ಗುತ್ತಾರೆ. ನಾನು ಬೆಂಚಿನಿಂದಲೇ ಕೆರೆ-ದಡ ಆಟದ ಸಲಹೆ ಕೊಟ್ಟೆ. ಗೋಡೆಯಿಂದ ದೂರ ನೆಲದ ಮೇಲೊಂದು ಗೆರೆ. ಕೆರೆ ಎಂದು ಕೂಗಿದರೆ ಗೆರೆಯ ಒಳಗೆ ಜಿಗಿತ, ದಡ ಎಂದರೆ ಹೊರಗೆ. ನಿಂತಲ್ಲೇ ಏದುಸಿರು, ಡಿಕ್ಕಿಯ ಭಯವಿಲ್ಲ. ಕೋಚ್ ಒಂದೇ ತಿದ್ದುಪಡಿ ಮಾಡಿದಳು: ತಪ್ಪಿದವರು ಔಟಾಗಿ ಕೂರುವಂತಿಲ್ಲ, ತೋಳು ತಿರುಗಿಸಿ ಮತ್ತೆ ಸಾಲಿಗೆ ಬರಬೇಕು. ಮೊದಲು ಔಟಾಗುವ ಮಂದಗತಿಯವನಿಗೇ ತಾನೇ ಕುಣಿತ ಹೆಚ್ಚು ಬೇಕಾದ್ದು!

ಆಮೇಲೆ ಮುಷ್ಟಿ ಬಿಗಿದು ಬಿಡಿಸುವುದು, ಮಣಿಕಟ್ಟು ತಿರುವುವುದು. ಕೊನೆಗೆ ನೆಲದಿಂದ ಮೊಳದೆತ್ತರದಲ್ಲಿ, ಗೋಡೆಗೆ ಬಿಗಿದ ಹಿಡಿಕೆಗಳಲ್ಲಿ, ಅಂದರೆ ಹೋಲ್ಡುಗಳಲ್ಲಿ, ದೊಡ್ಡ ದೊಡ್ಡವನ್ನೇ ಹಿಡಿದು ಗೋಡೆಗುಂಟ ಅಡ್ಡಡ್ಡ ಸಾಗುವುದು. ನಮ್ಮವನಿಗೆ ಇದು ಘೋರ ಅವಮಾನ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಇಂಡೋನೇಷ್ಯಾದ ವೆಡ್ರಿಕ್ ಲಿಯೊನಾರ್ಡೊ 15 ಮೀಟರ್ ಗೋಡೆಯನ್ನು 4.75 ಸೆಕೆಂಡಿನಲ್ಲಿ ಹತ್ತಿ ಚಿನ್ನ ಗೆದ್ದದ್ದು ಅವನಿಗೆ ಬಾಯಿಪಾಠ.

“ಅವರು ಐದು ಸೆಕೆಂಡಲ್ಲಿ ಮುಗಿಸ್ತಾರೆ. ನಾನು ಹತ್ತು ನಿಮಿಷ ಕೈ ತಿರುಗಿಸ್ತಾ ನಿಲ್ಲಬೇಕಾ?”

“ಅವರು ಕೈ ತಿರುಗಿಸೋದನ್ನ ಟೀವೀಲಿ ತೋರಿಸಲ್ಲ ಕಣೋ,” ಎಂದಳು ಕೋಚ್.

ಮಕ್ಕಳನ್ನಾದರೂ ಪಳಗಿಸಬಹುದು, ಮನೆಯವರದೇ ಕಷ್ಟ. ಹತ್ತುವ ಮೊದಲು ಉಂಗುರ, ಬಳೆ, ಕೊರಳ ಸರ ಎಲ್ಲ ಕಳಚಬೇಕು. ಹೋಲ್ಡಿಗೆ ಉಂಗುರ ಸಿಕ್ಕಿಕೊಂಡು ಕಾಲು ಜಾರಿದರೆ ಬೆರಳಿನ ಗತಿ ಕೇಳುವುದೇ ಬೇಡ. ಸರಿ ಎಂದು ನಮ್ಮವನ ಕೊರಳ ತಾಯತ ಬಿಚ್ಚಿಸಿದೆ. ಆ ಸುದ್ದಿ ಫೋನಿನಲ್ಲಿ ಅವನಿಂದಲೇ ಅಜ್ಜಿಗೆ ತಲುಪಿತು.

“ನೆಲದ ಮೇಲಿದ್ದಾಗ ಕಟ್ಟಿಕೊಂಡಿದ್ದು, ಗೋಡೆ ಹತ್ತುವಾಗ ಬಿಚ್ಚೋದೇ? ಮತ್ಯಾತಕ್ರೀ ಅದು ಇರೋದು?”

ಕೋಚ್ ಬಳಿ ಇದಕ್ಕೆ ಉತ್ತರವಿರಲಿಲ್ಲ. ಈಗ ರಾಜಿಯಾಗಿದೆ. ಅವನು ಮೇಲಿರುವಷ್ಟು ಹೊತ್ತು ತಾಯತ ನನ್ನ ಕೊರಳಲ್ಲಿ. ಅವನನ್ನು ಕತ್ತೆತ್ತಿ ನೋಡುವಾಗಿನ ನನ್ನ ಎದೆಬಡಿತ ಗಮನಿಸಿದರೆ, ವಾರ್ಮ್ ಅಪ್ ನನಗಂತೂ ಬೇಕಿಲ್ಲ.