ವರ್ಷದ ಪಾಸೂ ಕಬ್ಬಿನ ಎತ್ತರವೂ

ನಮ್ಮೂರು ಮೊಗುಡಂಪಲ್ಲಿಯಲ್ಲಿ ಬೇಸಿಗೆ ರಜೆ ಬಂದರೆ ಮಕ್ಕಳದು ಒಂದೇ ಜಪ: ವಂಡರ್‌ಲಾ. ಹೈದರಾಬಾದಿನ ಹೊರವರ್ತುಲ ರಸ್ತೆಯ ಮಗ್ಗುಲಲ್ಲಿ ಈ ಮೋಜಿನ ಪಾರ್ಕು 2016ರಲ್ಲಿ ಬಾಗಿಲು ತೆರೆಯಿತು. ನಮಗೆ ಜಹೀರಾಬಾದ್ ಮುಟ್ಟಿ 65ನೇ ಹೆದ್ದಾರಿ ಹಿಡಿದರೆ ನೂರು ಕಿಲೋಮೀಟರ್ ಮೀರಿದ ದಾರಿ.

"ಮಂದಿಗೊಂದು ವರ್ಷದ ಪಾಸ್ ಸಿಕ್ಕರ ಅಗ್ಗ ಬೀಳ್ತದ್ರಿ" ಎಂದಳು ಮನೆಯಾಕೆ. ಪಾಸಿನ ಗಣಿತವೇ ಮಜಾ: ಎಷ್ಟು ಸಲ ಹೋಗುತ್ತೀರೋ ಅಷ್ಟು ಉಳಿತಾಯ! ಡೀಸೆಲ್, ಟೋಲ್, ದಾರಿಯ ಮಿರ್ಚಿ-ಚಹಾ ಈ ಗಣಿತಕ್ಕೆ ಬರುವುದಿಲ್ಲ.

ನಿಜವಾದ ತೊಡಕು ಎತ್ತರದ್ದು. ಅಲ್ಲಿ ಮಕ್ಕಳ ಟಿಕೆಟ್ಟಿಗೆ ವಯಸ್ಸು ಕೇಳುವುದಿಲ್ಲ, ಸೆಂಟಿಮೀಟರ್ ಅಳೆಯುತ್ತಾರೆ. ಹೊಲದಲ್ಲಿ ಕಬ್ಬು ಬೆಳೆದರೆ ಹಿಗ್ಗುವ ನಾವು, ಗೇಟಿನ ಮುಂದೆ ಮಗನಿಗೆ "ಜರಾ ಕುಗ್ಗಿ ನಿಂದ್ರೋ" ಅನ್ನಬೇಕು. ಒಳಗೆ ದೊಡ್ಡ ಆಟದ ಮುಂದೆ ಅದೇ ಮಗ ತುದಿಗಾಲಲ್ಲಿ!

ಅವ್ವನಿಗೆ ಇದೆಲ್ಲ ಸೇರಲಿಲ್ಲ. "ಝರಾಸಂಗಮದ ಕೇತಕಿ ಸಂಗಮೇಶ್ವರನ ಶಿವರಾತ್ರಿ ಜಾತ್ರಿಗಿ ಸಣ್ಣಾಕಿ ಇದ್ದಾಗಿಂದ ಹೋಗ್ಲಾಕತ್ತೀನಿ. ಯಾರೂ ಪಾಸ್ ಕೇಳಿಲ್ಲ. ಅಲ್ಲೂ ತೊಟ್ಟಿಲ ತಿರಗ್ತದ, ಅಲ್ಲೂ ವಾಂತಿ ಬರ್ತದ."

"ಆಯಿ, ಅರವತ್ತು ದಾಟಿದವ್ರಿಗಿ ರಿಯಾಯಿತಿ ಅದ" ಎಂದ ಮೊಮ್ಮಗ.

ಅವ್ವ ಕನ್ನಡಕ ಏರಿಸಿದಳು: "ಎಷ್ಟ್ ಬಿಡ್ತಾರೋ?"