ಭಾನುವಾರ ಲೆಕ್ಕಕ್ಕಿಲ್ಲ

ತುಮಕೂರಿನಲ್ಲಿ ಗುಟ್ಟಾಗಿ ಉಪವಾಸ ಮಾಡುವುದು ಆಗದ ಮಾತು. ಉಪವಾಸವಿದ್ದಾಗ ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದು, ಯಾರಿಗೂ ಗೊತ್ತಾಗದ ಹಾಗೆ ಇರಬೇಕೆಂದು ಯೇಸುಸ್ವಾಮಿ ಹೇಳಿದ್ದೇನೋ ನಿಜ. ಆದರೆ ಆತ ಬಿ.ಎಚ್. ರಸ್ತೆಯ ಆಸುಪಾಸಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದವನಲ್ಲ. ಇಲ್ಲಿ ಒಂದು ಹೊತ್ತು ಒಲೆ ಹಚ್ಚದಿದ್ದರೆ ಕಾಂಪೌಂಡಿನ ಆಚೆಯಿಂದ ಪ್ರಶ್ನೆ ಬರುತ್ತದೆ: "ಯಾಕೆ ಟೀಚರಮ್ಮ, ಕುಕ್ಕರ್ ಕೂಗ್ಲೇ ಇಲ್ಲ? ಗ್ಯಾಸ್ ಆಗೋಯ್ತಾ?"

ಟೀಚರಮ್ಮ ಎಂದರೆ ನಮ್ಮಮ್ಮ. ಕೇಳುವವರು ಪಕ್ಕದ ಗೌಡರ ಮನೆಯ ಅಕ್ಕ. "ಇಲ್ಲ ಕಣಮ್ಮ, ಲೆಂಟು" ಎನ್ನುತ್ತಾರೆ ಅಮ್ಮ. "ಓ, ನಿಮ್ಮ ನಲವತ್ತು ದಿನ ಬಂತಾ?" ಎಂದು ಅಕ್ಕ ಅಲ್ಲಿಂದಲೇ ಎಣಿಸಲು ಶುರುಮಾಡುತ್ತಾರೆ. ಉಪವಾಸ ನಮ್ಮದು, ಲೆಕ್ಕ ಅವರದು.

ಲೆಕ್ಕವೂ ಅಷ್ಟು ಸಲೀಸಲ್ಲ. ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನ ಬರುತ್ತದೆ. ನಡುವೆ ಬರುವ ಆರು ಭಾನುವಾರಗಳನ್ನು ಕಳೆದರೆ 40. ಭಾನುವಾರ ಸ್ವಾಮಿ ಎದ್ದು ಬಂದ ದಿನ, ಅವತ್ತು ಉಪವಾಸವಿಲ್ಲ ಎಂದು ಅಮ್ಮ ಕ್ಲಾಸಿನಲ್ಲಿ ಪಾಠ ಮಾಡಿದಂತೆ ಬಿಡಿಸಿ ಹೇಳಿದಾಗ ಅಕ್ಕನಿಗೆ ಸಮಾಧಾನವಾಯಿತು. "ವಾರಕ್ಕೊಂದು ರಜಾ ಕೊಟ್ಟವ್ರಲ್ಲ, ಒಳ್ಳೆ ದೇವ್ರು ಬಿಡಿ."

ಈ ಸಲ, 2026ರಲ್ಲಿ, ಊರಿಗೆ ಊರೇ ಉಪವಾಸ ಕೂತಂತಿತ್ತು. ಫೆಬ್ರವರಿ 15ಕ್ಕೆ ಶಿವರಾತ್ರಿ. ಆ ಹೊತ್ತಿಗೆ ಸಿದ್ಧಗಂಗೆಯಲ್ಲಿ ಜಾತ್ರೆ, ದನಗಳ ಪರಿಷೆ. 18ಕ್ಕೆ ನಮ್ಮ ಬೂದಿ ಬುಧವಾರ. ಅದೇ ವಾರ ರಂಜಾನಿನ ಉಪವಾಸವೂ ಶುರು. ಜಾಗರಣೆಯವರು ಪಾರಣೆ ಮುಗಿಸುವಷ್ಟರಲ್ಲಿ ನಾವು ತಟ್ಟೆ ಬಿಟ್ಟೆವು. ನಾವು ಬಿಟ್ಟ ಮರುದಿನವೇ ಹಣ್ಣಿನಂಗಡಿಯ ಭಾಯಿ ಬಿಟ್ಟರು. ಕ್ಯಾತಸಂದ್ರದ ತಟ್ಟೆ ಇಡ್ಲಿಯವರಿಗೆ ಮಾತ್ರ ಯಾವ ಮತದ ಉಪವಾಸವೂ ತಟ್ಟಿದಂತೆ ಕಾಣಲಿಲ್ಲ. ಬೆಳಿಗ್ಗೆ ಏಳಕ್ಕೇ ಅದೇ ನೂಕುನುಗ್ಗಲು.

ಬೂದಿ ಹಚ್ಚಿಸಿಕೊಳ್ಳುವುದು ಹೆಚ್ಚಾಗಿ ಕ್ಯಾಥೊಲಿಕರ ರೂಢಿ. ಅಮ್ಮನ ಜೊತೆ ಕೆಲಸ ಮಾಡಿದ ಕ್ಯಾಥೊಲಿಕ್ ಟೀಚರೊಬ್ಬರು ಒಮ್ಮೆ ಹಣೆಯ ಮೇಲೆ ಬೂದಿಯ ಶಿಲುಬೆ ಹಾಕಿಸಿಕೊಂಡು ಸಿಟಿ ಬಸ್ಸು ಹತ್ತಿದರಂತೆ. ಕಂಡಕ್ಟರು ಭಕ್ತಿಯಿಂದಲೇ ಕೇಳಿದನಂತೆ, "ಮಠದಿಂದ ಬಂದ್ರಾ ಅಮ್ಮ?" ಅವರು "ಹೂಂ ಕಣಪ್ಪ, ನಮ್ಮ ಮಠದಿಂದ" ಎಂದು ಟಿಕೆಟ್ ತೊಗೊಂಡರಂತೆ. ಸಿದ್ಧಗಂಗೆಯ ಮಠದಲ್ಲಿ ವಿಭೂತಿ ಧರಿಸಿದ ಸಾವಿರಾರು ಮಕ್ಕಳು ದಿನಾ ಉಂಡು ಓದುವ ಊರು ಇದು. ಹಣೆಯ ಬೂದಿಗೆ ಇಲ್ಲಿ ಯಾರೂ ಕಾರಣ ಕೇಳುವುದಿಲ್ಲ. ಆ ಬೂದಿಯಾದರೂ ಎಲ್ಲಿಯದು? ಹಿಂದಿನ ವರ್ಷ ಗರಿಗಳ ಭಾನುವಾರ ಹಿಡಿದ ಗರಿಗಳನ್ನು ಒಣಗಿಸಿ ಸುಟ್ಟದ್ದು. ಜೆರುಸಲೇಮಿನಲ್ಲಿ ಖರ್ಜೂರದ ಗರಿ ಇದ್ದಿರಬಹುದು. ಕಲ್ಪತರು ನಾಡಿನಲ್ಲಿ ತೆಂಗಿನದಕ್ಕೇನು ಬರ? ನಮ್ಮ ಸಂಡೇ ಸ್ಕೂಲಿನ ಮಕ್ಕಳು ಹೊಸನ್ನ ಹಾಡುತ್ತ ಬೀಸುವ ಎಳೆಗರಿ ಬರುವುದು ಗೌಡರ ತೋಟದಿಂದಲೇ.

ನಾವು ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದವರು. 1947ಕ್ಕೆ ಮುಂಚೆ ವೆಸ್ಲಿಯನ್ ಮಿಷನ್ನಿನವರು. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಆ ಮಿಷನ್ನಿನ ಹಳೇ ಠಾಣೆಗಳು. ಗುಬ್ಬಿಗೆ ಅವರು ಬಂದದ್ದು 1830ರ ದಶಕದಲ್ಲಿ. 1839ರಲ್ಲಿ ವಿಲಿಯಂ ಆರ್ಥರ್ ಎಂಬ ಇಪ್ಪತ್ತರ ಹುಡುಗ ಬಂದು, ಕನ್ನಡ ಕಲಿತು, ಸಂತೆಯ ಊರಿನಲ್ಲಿ ಬೋಧನೆಗೆ ನಿಂತ. ಎರಡೇ ವರ್ಷಕ್ಕೆ ಕಣ್ಣಿನ ತೊಂದರೆಯಾಗಿ ಇಂಗ್ಲೆಂಡಿಗೆ ಮರಳಿದ. 1847ರಲ್ಲಿ ಈ ಸೀಮೆಯ ಬಗ್ಗೆ ದಪ್ಪನೆಯ ಪುಸ್ತಕವನ್ನೇ ಬರೆದ. ಬಿಸಿಲು ಅವನ ಕಣ್ಣಿಗೆ ಏನು ಮಾಡಿತೋ, ಇಲ್ಲಿಯ ಮಾತುಗಾರರು ಅವನ ಕಿವಿಗೆ ಅದಕ್ಕಿಂತ ಹೆಚ್ಚು ಮಾಡಿರಬೇಕು ಎಂದು ನನ್ನ ಗುಮಾನಿ.

ಗುಬ್ಬಿಯವರ ಮುಂದೆ ಏನನ್ನಾದರೂ ಆಡಿ ತೋರಿಸುವುದು ಇವತ್ತಿಗೂ ಕಷ್ಟ. 1884ರಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ ಊರು, ವೀರಣ್ಣನವರ ಊರು. ಅಲ್ಲಿ ನಮ್ಮ ಮಕ್ಕಳು ಯೇಸುವಿನ ವಿಚಾರಣೆಯ ನಾಟಕ ಆಡುವುದನ್ನು ನೋಡಲು ಹೋಗಿದ್ದೆ. ಪಿಲಾತನಾದ ಹುಡುಗ ಅಕ್ಕನ ದುಪ್ಪಟ್ಟವನ್ನೇ ರಾಜವಸ್ತ್ರ ಮಾಡಿಕೊಂಡು, ಸ್ಟೀಲ್ ಬೋಗುಣಿಯಲ್ಲಿ ಕೈ ತೊಳೆದು, ಮಾತು ಮರೆತು ನಿಂತುಬಿಟ್ಟ. ಹಿಂದೆ ಕೂತಿದ್ದ, ಚರ್ಚಿಗೆ ಸಂಬಂಧವೇ ಇಲ್ಲದ ಯಜಮಾನರೊಬ್ಬರಿಗೆ ತಡೆಯಲಾಗಲಿಲ್ಲ. "ಮಗಾ, ಮಾತು ಮರ್ತ್ರೆ ಪರ್ವಾಗಿಲ್ಲ, ಮುಖ ಬಿಡಬೇಡ. ಒಂದು ಕಂದ ಹಾಡಿಬಿಡು!" ಪಕ್ಕದವರನ್ನು ಕೇಳಿದರು: "ರಾಜನ ಪಾರ್ಟು, ಹಾರ್ಮೋನಿಯಂ ಇಲ್ದೆ ಹ್ಯಾಗ್ರೀ ಕಳಿಸಿದ್ರು?"

ಲೆಂಟಿನ ಸಂಜೆಗಳಲ್ಲಿ ಮನೆಮನೆಯಲ್ಲಿ ಕಾಟೇಜ್ ಪ್ರೇಯರ್ ನಡೆಯುತ್ತದೆ. ಕುಣಿಗಲ್ಲಿನ ಚಿಕ್ಕಮ್ಮನ ಮನೆಯ ಸರದಿ ಬಂದರೆ ನಾವೂ ಹೋಗುತ್ತೇವೆ. ಹೊಸ್ತಿಲಾಚೆ ಚಪ್ಪಲಿಯ ರಾಶಿ, ಶಾಮಿಯಾನದ ಅಂಗಡಿಯಿಂದ ತಂದ ಕುರ್ಚಿ, ಕೀರ್ತನೆಯ ಎರಡನೇ ಚರಣಕ್ಕೆ ಸರಿಯಾಗಿ ಹೋಗುವ ಕರೆಂಟು. ಉಪವಾಸದ ಕಾಲ, ಬರೀ ಟೀ ಬಿಸ್ಕತ್ತು ಸಾಕು ಎಂದು ಪಾಸ್ಟರ್ ಅಯ್ಯನವರು ಮೊದಲ ಭಾನುವಾರವೇ ಹೇಳಿರುತ್ತಾರೆ. ಮೊದಲ ಮನೆಯಲ್ಲಿ ಅದು ನಡೆಯುತ್ತದೆ. ಎರಡನೇ ಮನೆಯವರಿಗೆ ಬರೀ ಬಿಸ್ಕತ್ತು ಕೊಡಲು ಮನಸ್ಸು ಬಾರದೆ ಉಪ್ಪಿಟ್ಟು. ಮೂರನೆಯವರು ಅವರಿಗಿಂತ ಕಮ್ಮಿಯೇ? ಬೋಂಡ. ಈಸ್ಟರ್ ಹತ್ತಿರ ಬಂದಂತೆ ಕೇಸರಿಬಾತೂ ಸೇರಿಕೊಳ್ಳುತ್ತದೆ. ಎಲ್ಲ ಮನೆಯಲ್ಲೂ ಕೂತು ತಿನ್ನಲೇಬೇಕಾದವರು ಅಯ್ಯನವರೊಬ್ಬರೇ. ಸಭೆಯಲ್ಲಿ ಲೆಂಟಿನಲ್ಲಿ ತೂಕ ಏರುವುದೂ ಅವರೊಬ್ಬರದೇ.

ಪ್ರಾರ್ಥನೆಯ ಚೀಟಿಗಳನ್ನು ನೋಡಬೇಕು. ಮಾರ್ಚಿ ಎಂದರೆ ಎಸ್ಸೆಸ್ಸೆಲ್ಸಿ, ಪಿಯುಸಿ. ಅರ್ಧ ಚೀಟಿಗಳು ಹಾಲ್ ಟಿಕೆಟ್ ನಂಬರುಗಳು, ಅವುಗಳಲ್ಲಿ ಅರ್ಧ ನಮ್ಮ ಸಭೆಯ ಮಕ್ಕಳದ್ದಲ್ಲ. ಗೌಡರ ಮನೆಯ ಅಕ್ಕ ಮೊಮ್ಮಗನ ನಂಬರು ಬರೆದುಕೊಟ್ಟು ಅಮ್ಮನಿಗೆ ಹೇಳಿ ಕಳಿಸಿದ್ದರು, "ಗಣಿತಕ್ಕೆ ಸ್ವಲ್ಪ ಜಾಸ್ತಿ ಮಾಡ್ಸಿ." ಉಳಿದ ಅರ್ಧ ಚೀಟಿಗಳು ನೀರಿನವು: ಬತ್ತಿದ ಬೋರ್‌ವೆಲ್, ಒಣಗುವ ಅಡಿಕೆ, ಮತ್ತೆ ಹೇಮಾವತಿ. ಲಿಂಕ್ ಕೆನಾಲು ಬೇಗ ಬರಲಿ ಎಂದು ಕುಣಿಗಲ್ಲಿನಲ್ಲಿ ಬೇಡಿದರೆ, ನಮ್ಮ ಪಾಲು ಅತ್ತ ಹೋಗದಿರಲಿ ಎಂದು ಗುಬ್ಬಿಯಲ್ಲಿ ಬೇಡುತ್ತಾರೆ. ದೇವರೂ ಒಂದೇ, ನೀರೂ ಒಂದೇ. "ಜಗಳವಿಲ್ಲದಂತೆ ನಡೆಸಪ್ಪ" ಎಂದಷ್ಟೇ ಹೇಳಿ ಅಯ್ಯನವರು ಎರಡೂ ಕಡೆ ಆಮೆನ್ ಅಂದುಬಿಡುತ್ತಾರೆ. ನೀರಾವರಿ ಇಲಾಖೆಯಲ್ಲಿ ಇಂಥವರೊಬ್ಬರು ಇರಬೇಕಿತ್ತು.

ಇನ್ನು ಲೆಂಟ್ ಕವರು. ಬಿಟ್ಟದ್ದರ ದುಡ್ಡನ್ನು ದಿನಾ ಅದರೊಳಗೆ ಹಾಕಿ ಕೊನೆಗೆ ಚರ್ಚಿಗೆ ಕೊಡಬೇಕು. ಅಪ್ಪ ಕಾಫಿ ಬಿಟ್ಟರು. ದುಡ್ಡು ಕವರಿಗೆ ಹೋಯಿತು, ಸಿಡುಕು ನಮ್ಮ ಪಾಲಿಗೆ ಬಂತು. ಮಧ್ಯಾಹ್ನ ಮೂರಾದರೆ ಅಪ್ಪನಿಗೆ ಪೇಪರಿನವನೂ ವೈರಿ, ಪೇಪರಿನಲ್ಲಿರುವವರೂ ವೈರಿಗಳು. ಕಾಂಪೌಂಡಿನಾಚೆಗೆ ಕೇಳಿಸದಿರುತ್ತದೆಯೇ? ಒಂದು ದಿನ ಅಕ್ಕ ನೂರರ ನೋಟು ಹಿಡಿದು ಬಂದರು. "ಟೀಚರಮ್ಮ, ಇದನ್ನ ಆ ಕವರಿಗೆ ಹಾಕ್ಬಿಡಿ. ಯಜಮಾನ್ರು ಕಾಫಿ ಕುಡೀಲಿ." ಅಪ್ಪ ನೋಟು ಕವರಿಗೆ ಹಾಕಿದರು, ಕಾಫಿ ಕುಡಿಯಲಿಲ್ಲ, ಆದರೆ ದನಿ ತಗ್ಗಿಸಿದರು.

ಆ ದುಡ್ಡಿನಲ್ಲಿ ಬ್ರೆಡ್ಡು, ಬಾಳೆಹಣ್ಣು ಕೊಂಡು ಆಸ್ಪತ್ರೆಯ ವಾರ್ಡುಗಳಿಗೆ ಹೋದೆವು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಮುದುಕರೊಬ್ಬರು ಹಣ್ಣನ್ನು ತಿರುಗಿಸಿ ನೋಡಿ, "ಯಾವ ಪಾರ್ಟಿ?" ಎಂದರು. ಯಾವ ಪಾರ್ಟಿಯೂ ಅಲ್ಲ, ಚರ್ಚಿನವರು ಎಂದರೂ ನಂಬಲಿಲ್ಲ. ಅವರ ಅನುಭವದಲ್ಲಿ ಎಲೆಕ್ಷನ್ ಇಲ್ಲದೆ ಯಾರೂ ಹಣ್ಣು ಕೊಟ್ಟಿರಲಿಲ್ಲ. ಆಮೇಲೆ ಪಕ್ಕದ ಹಾಸಿಗೆಯ ಕಡೆ ತೋರಿಸಿ, "ಅವ್ನಿಗೆ ಯಾರೂ ಇಲ್ಲ. ನಂದೂ ಅವ್ನಿಗೇ ಕೊಡಿ" ಎಂದರು. ನಲವತ್ತು ದಿನ ಕೀರ್ತನೆ ಹಾಡಿ ನಾವು ತಲುಪಬೇಕೆಂದಿದ್ದ ಜಾಗದಲ್ಲಿ ಈ ಮುದುಕರು ಯಾವಾಗಲೋ ಬಂದು ಕೂತಿದ್ದರು. ಸೇವೆ ಎಂದು ನಾವು ಮನೆಯಿಂದ ಹೊರಡುತ್ತೇವೆ. ದಾರಿಯಲ್ಲಿ ಸೇವೆ ಮಾಡಿಸಿಕೊಂಡು ಬರುವುದೇ ಹೆಚ್ಚು.

ನಿಜವಾದ ಪರೀಕ್ಷೆ ಯುಗಾದಿಯದು. ಹೋಳಿಗೆಯನ್ನು ಯಾವ ಲೆಂಟೂ ತಡೆಯುವುದಿಲ್ಲ. ತೊಂದರೆ ಮರುದಿನದ ಹೊಸತೊಡಕಿನದು. ಗೌಡರ ಮನೆಯಿಂದ ಬಾಡಿನ ಸಾರಿನ ಕ್ಯಾರಿಯರು ಬರುವುದು ತಪ್ಪುವಂತಿಲ್ಲ, ಅಮ್ಮ ಲೆಂಟಿನಲ್ಲಿ ಬಾಡು ಮುಟ್ಟುವಂತಿಲ್ಲ. ಈ ವರ್ಷ ಯುಗಾದಿ ಮಾರ್ಚ್ 19, ಹೊಸತೊಡಕು 20ರ ಶುಕ್ರವಾರ. ಲೆಂಟಿನ ಶುಕ್ರವಾರವೆಂದರೆ ಇನ್ನೂ ಬಿಗಿ. ಬೇಡವೆಂದು ಹೇಗೆ ಹೇಳುವುದೆಂದು ಅಮ್ಮ ವಾರದಿಂದ ಮಾತು ಜೋಡಿಸುತ್ತಿದ್ದರು. ಅಷ್ಟರಲ್ಲಿ ಅಕ್ಕನೇ ಸಪ್ಪೆ ಮುಖ ಮಾಡಿಕೊಂಡು ಬಂದರು. ಶುಕ್ರವಾರ ಅವರಿಗೆ ಲಕ್ಷ್ಮಿಯ ವಾರ, ಬಾಡು ಬೇಯಿಸುವುದಿಲ್ಲ. ಶನಿವಾರ ತಿಮ್ಮಪ್ಪನದು, ಅದೂ ಇಲ್ಲ. "ಭಾನುವಾರಕ್ಕೆ ಹಾಕ್ಕೊಂಡಿದೀವಿ ಟೀಚರಮ್ಮ. ನಿಮಗೆ ಆಗುತ್ತೋ ಇಲ್ವೋ." ಆಗದೆ ಏನು! ಭಾನುವಾರ ಲೆಕ್ಕಕ್ಕೇ ಇಲ್ಲವಲ್ಲ. ಮುದ್ದೆಯ ಜೊತೆ ಆ ಸಾರು ಅಮ್ಮನ ಆತ್ಮಸಾಕ್ಷಿಗೆ ಒಂದಿಷ್ಟೂ ಖಾರವಾಗಲಿಲ್ಲ.

ಈಸ್ಟರಿನ ಕೇಕು ಕೊಡಲು ಹೋದಾಗ ಅಕ್ಕ ಮೊಮ್ಮಗನ ಮೊಬೈಲಿನಲ್ಲಿ ಮುಂದಿನ ವರ್ಷದ ಕ್ಯಾಲೆಂಡರು ತೆಗೆಸಿ ಕೂತಿದ್ದರು. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೇ ಮುಗಿಯುತ್ತದೆ, ಯುಗಾದಿ ಏಪ್ರಿಲ್ 7ಕ್ಕೆ. ಹೊಸತೊಡಕು ಗುರುವಾರ. "ನಿಮಗೂ ಅಡ್ಡಿ ಇಲ್ಲ, ನಮಗೂ ಅಡ್ಡಿ ಇಲ್ಲ, ಅವತ್ತೇ ಬಿಸಿಬಿಸಿ ಕಳಿಸ್ತೀನಿ" ಎಂದು ಅವರು ಖುಷಿಪಡುತ್ತಿರುವಾಗಲೇ ಅಡುಗೆಮನೆಯಿಂದ ಸೊಸೆಯ ದನಿ ಬಂತು: "ಅತ್ತೆ, ಗುರುವಾರ ನಂಗೆ ಬಾಬಾ ಒಪ್ಪತ್ತು!" ಅಕ್ಕ ಅಮ್ಮನ ಮುಖ ನೋಡಿದರು. ಇಬ್ಬರೂ ಒಟ್ಟಿಗೇ ಹೇಳಿದರು, "ಭಾನುವಾರಕ್ಕೇ ಇಟ್ಕೊಳೋಣ ಬಿಡಿ."